ವಾರಂಟಿ ಮುಗಿದ ಮೇಲಿನ ಅಪರಿಗ್ರಹ

ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಸ್ವಿಚ್ ಮಾರುಕಟ್ಟೆಗೆ ಬಂದದ್ದು 2017ರ ಮಾರ್ಚ್‌ನಲ್ಲಿ. ಅದರ ಎರಡೂ ಪಕ್ಕಕ್ಕೆ ಸಿಕ್ಕಿಸುವ ಜಾಯ್‌ಕಾನ್ ಕಂಟ್ರೋಲರುಗಳಲ್ಲಿ ಹೆಬ್ಬೆರಳಿನಿಂದ ಆಡಿಸುವ ಒಂದೊಂದು ಸಣ್ಣ ಸ್ಟಿಕ್ ಇದೆ. ಸ್ಟಿಕ್ಕಿನ ಬುಡದಲ್ಲಿ ಇಂಗಾಲ ಲೇಪಿಸಿದ ತೆಳುವಾದ ಪಟ್ಟಿಗಳಿವೆ; ಅವುಗಳ ಮೇಲೆ ಲೋಹದ ಪುಟ್ಟ ನಾಲಗೆಗಳು ಉಜ್ಜುತ್ತ ಓಡಾಡುತ್ತವೆ. ಸ್ಟಿಕ್ ಯಾವ ಕಡೆಗೆ ಎಷ್ಟು ವಾಲಿದೆ ಎಂಬುದು ಯಂತ್ರಕ್ಕೆ ತಿಳಿಯುವುದು ಆ ಪಟ್ಟಿಯ ವಿದ್ಯುತ್ ರೋಧದ ಏರಿಳಿತದಿಂದ. ಉಜ್ಜಿ ಉಜ್ಜಿ ಇಂಗಾಲ ಸವೆದಾಗ, ಅದರ ಪುಡಿ ಒಳಗೇ ಕೂತಾಗ ಈ ಲೆಕ್ಕ ತಪ್ಪುತ್ತದೆ. ಯಾರ ಬೆರಳೂ ತಾಗದೆ ಪರದೆಯ ಮೇಲಿನ ಪಾತ್ರ ತನ್ನಷ್ಟಕ್ಕೆ ಒಂದು ಕಡೆಗೆ ನಡೆಯತೊಡಗುತ್ತದೆ. ಆಡುವವರು ಇದನ್ನು ಡ್ರಿಫ್ಟ್ ಎನ್ನುತ್ತಾರೆ. ಈ ಸವೆತ ವಾರಂಟಿಯ ಒಳಗೆ ಕಂಡರೆ ಕಂಪನಿಯ ಹೊಣೆ, ಒಂದು ದಿನ ತಡವಾಗಿ ಕಂಡರೆ ಕೊಂಡವರ ಹಣೆಬರಹ ಎನ್ನುವುದು ವ್ಯಾಪಾರದ ಲೋಕ ಒಪ್ಪಿಕೊಂಡಿರುವ ಕ್ರಮ. ಹಾಗಾದರೆ ಒಂದು ವಸ್ತುವಿನ ವಿಷಯದಲ್ಲಿ ಮಾಡಿದವರಿಗೂ ಬಳಸಿದವರಿಗೂ ಇರುವ ಕರ್ತವ್ಯ ಆ ತಾರೀಖಿಗೆ ಮುಗಿದುಹೋಗುತ್ತದೆಯೇ? ಗ್ರಾಹಕ ಕಾನೂನಿನ ಹಾಗೆ ಕಾಣುವ ಈ ಪ್ರಶ್ನೆ ಬುಡದಲ್ಲಿ ಧರ್ಮದ ಪ್ರಶ್ನೆ. ಶ್ರವಣಬೆಳಗೊಳದ ನಾಡಿನಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿ ಬೇರುಬಿಟ್ಟಿರುವ ಜೈನ ಚಿಂತನೆ ಇದಕ್ಕೆ ಕೊಡುವ ಉತ್ತರ, ನನ್ನ ಬುದ್ಧಿಗೆ ಎಟುಕಿದ ಉತ್ತರಗಳಲ್ಲೆಲ್ಲ ಗಟ್ಟಿಯಾದದ್ದು.

ಮೊದಲು ಎದುರಾಗುವುದೇ ಧರ್ಮದ ಕಡೆಯಿಂದ ಬರುವ ಆಕ್ಷೇಪ. ಎಲ್ಲವೂ ನಶ್ವರ, ಯಾವುದಕ್ಕೂ ಅಂಟಿಕೊಳ್ಳಬೇಡ ಎಂದು ಕಲಿಸುವ ಪರಂಪರೆಯಲ್ಲಿ ನಿಂತು, ಕೆಟ್ಟುಹೋದ ಆಟದ ಯಂತ್ರವನ್ನು ಮತ್ತೆ ಮತ್ತೆ ಬಿಚ್ಚಿ ಜೋಡಿಸುತ್ತ ಕೂರುವುದು ಮೋಹವಲ್ಲವೇ? ಹೋದದ್ದು ಹೋಯಿತು ಎಂದು ಬಿಟ್ಟುಬಿಡುವವನೇ ವೈರಾಗ್ಯಕ್ಕೆ ಹತ್ತಿರವಲ್ಲವೇ? ದಿಗಂಬರ ಮುನಿಯ ಬಳಿ ಇರುವುದು ನವಿಲುಗರಿಯ ಪಿಂಛಿ, ಕಮಂಡಲು ಮತ್ತು ಶಾಸ್ತ್ರಗ್ರಂಥ ಮಾತ್ರ. ಆ ಆದರ್ಶದ ಮುಂದೆ ಡಬ್ಬಿ ತುಂಬ ಹಳೆಯ ಬಿಡಿಭಾಗ ಕೂಡಿಟ್ಟುಕೊಂಡವನು ಪರಿಗ್ರಹಿಯಂತೆಯೇ ಕಾಣುತ್ತಾನೆ. ಆದರೆ ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿ ಪರಿಗ್ರಹವನ್ನು ನಿರೂಪಿಸುವುದು ವಸ್ತುಗಳ ಎಣಿಕೆಯಿಂದಲ್ಲ. ವಸ್ತುವಿನ ಮೇಲೆ ಮನಸ್ಸು ಮೈಮರೆತು ಬೀಳುವ ಮೂರ್ಛೆಯನ್ನೇ ಅವರು ಪರಿಗ್ರಹ ಎನ್ನುತ್ತಾರೆ. ಈ ಅಳತೆಗೋಲು ಹಿಡಿದು ನೋಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ಸ್ಟಿಕ್ ಕೆಟ್ಟ ಕೂಡಲೇ ಹಳೆಯದನ್ನು ಎಸೆದು ಹೊಸದನ್ನು ತರಿಸುವವನು ಬಿಟ್ಟದ್ದು ಏನನ್ನು? ಒಂದು ವಸ್ತುವನ್ನು ಬಿಟ್ಟ, ಬಯಕೆಯನ್ನು ಬಿಡಲಿಲ್ಲ. ಬಯಕೆಗೆ ಒಂದು ಗಳಿಗೆಯ ಬಿಡುವೂ ಸಿಗದಂತೆ ನೋಡಿಕೊಂಡ. ರಿಪೇರಿ ಮಾಡಿಸುವವನು ಮಾತ್ರ ಬಯಕೆಯ ಜೊತೆ ಒಂದು ಒಪ್ಪಂದಕ್ಕೆ ಬರಬೇಕಾಗುತ್ತದೆ: ಇದು ಹಳೆಯದು, ಇದರ ಮೈಮೇಲೆ ಗೀರುಗಳಿವೆ, ಹೊಸ ಮಾದರಿಯ ಪರದೆ ಇದಕ್ಕಿಲ್ಲ, ಆದರೂ ನನಗೆ ಇಷ್ಟು ಸಾಕು. ಈ 'ಸಾಕು' ಎನ್ನುವ ತೀರ್ಮಾನವೇ ಗೃಹಸ್ಥನ ಅಪರಿಗ್ರಹ. ಶ್ರಾವಕನ, ಅಂದರೆ ಜೈನ ಗೃಹಸ್ಥನ, ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಸರ್ವತ್ಯಾಗವನ್ನು ಅದು ಕೇಳುವುದಿಲ್ಲ. ನಿನಗೆ ಎಷ್ಟು ಬೇಕು ಎಂಬ ಎಲ್ಲೆಯನ್ನು ನೀನೇ ಹಾಕಿಕೊಂಡು ಅದರೊಳಗೆ ಬಾಳು ಎನ್ನುತ್ತದೆ. ಎಲ್ಲೆ ಹಾಕಿಕೊಂಡವನಿಗೆ ಇರುವುದನ್ನು ನಡೆಸಿಕೊಂಡು ಹೋಗದೆ ಬೇರೆ ದಾರಿಯಿಲ್ಲ.

ರಿಪೇರಿಯಾದ ವಸ್ತು ಅದೇ ವಸ್ತುವೇ ಎಂಬ ಹಳೆಯ ತಕರಾರನ್ನೂ ಇಲ್ಲೇ ನೋಡಿಬಿಡಬೇಕು. ಮಿಲಿಂದ ರಾಜನಿಗೆ ಬೌದ್ಧ ಭಿಕ್ಷು ನಾಗಸೇನ ರಥದ ಉದಾಹರಣೆ ಕೊಟ್ಟ: ಗಾಲಿ, ಅಚ್ಚು, ನೊಗ ಇವುಗಳನ್ನು ಬಿಟ್ಟರೆ ರಥ ಎಂಬ ಬೇರೊಂದು ವಸ್ತು ಇಲ್ಲ, ಅದು ವ್ಯವಹಾರಕ್ಕೆ ಇಟ್ಟ ಹೆಸರು ಅಷ್ಟೇ. ಈ ನೋಟದಲ್ಲಿ ಸ್ಟಿಕ್ಕು, ಬ್ಯಾಟರಿ, ಪರದೆ ಬದಲಾಯಿಸಿದ ಮೇಲೆ ಉಳಿಸಿಕೊಂಡೆ ಎನ್ನುವ ಮಾತಿಗೆ ಹಿಡಿದು ನಿಲ್ಲುವಂಥದ್ದು ಏನೂ ಉಳಿಯುವುದಿಲ್ಲ. ಜೈನರು ಇದನ್ನು ಒಪ್ಪಲಿಲ್ಲ. ಇರುವುದೆಲ್ಲವೂ ಹುಟ್ಟು, ಅಳಿವು, ಸ್ಥಿರತೆ ಮೂರನ್ನೂ ಒಟ್ಟಿಗೇ ಹೊತ್ತುಕೊಂಡಿರುತ್ತದೆ ಎಂದರು. ಆಚಾರ್ಯ ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಇದಕ್ಕೊಂದು ದೃಷ್ಟಾಂತ ಕೊಡುತ್ತಾರೆ. ಚಿನ್ನದ ಕಲಶವನ್ನು ಕರಗಿಸಿ ಕಿರೀಟ ಮಾಡಿದಾಗ ಕಲಶ ಬೇಕಿದ್ದವನು ದುಃಖಪಡುತ್ತಾನೆ, ಕಿರೀಟ ಬೇಕಿದ್ದವನು ಹಿಗ್ಗುತ್ತಾನೆ, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. ಮೂವರ ಭಾವಕ್ಕೂ ವಸ್ತುವಿನಲ್ಲೇ ಕಾರಣವಿದೆ; ಯಾರೂ ಭ್ರಮೆಯಲ್ಲಿಲ್ಲ.

ಈ ದೃಷ್ಟಾಂತವನ್ನು ನಿಂಟೆಂಡೊದ ಹಳೆಯ ಯಂತ್ರ ಗೇಮ್ ಬಾಯ್‌ನ ಕಾರ್ಟ್ರಿಜ್ ಮೇಲೆ ಇಟ್ಟು ನೋಡಿ. 1996ರಲ್ಲಿ ಜಪಾನಿನಲ್ಲಿ ಹೊರಬಂದ ಪೋಕೆಮಾನ್‌ನ ಮೊದಲ ಆಟಗಳು ಆಡುವವರ ಪ್ರಗತಿಯನ್ನು ಒಂದು ಸಣ್ಣ ಮೆಮೊರಿ ಚಿಪ್ಪಿನಲ್ಲಿ ಉಳಿಸಿಕೊಳ್ಳುತ್ತಿದ್ದವು. ಆ ಚಿಪ್ಪಿಗೆ ಸದಾ ವಿದ್ಯುತ್ ಬೇಕು. ಅದನ್ನು ಕೊಡಲು ಒಳಗೇ ಒಂದು ಬಟನ್ ಸೆಲ್ ಬೆಸುಗೆ ಹಾಕಿ ಕೂರಿಸಿರುತ್ತಾರೆ. ಸೆಲ್ ಸತ್ತರೆ ಅಷ್ಟು ದಿನ ಆಡಿದ್ದೆಲ್ಲ ಅಳಿಸಿಹೋಗುತ್ತದೆ. ಸೆಲ್ ಪೂರ್ತಿ ಸಾಯುವ ಮೊದಲೇ ಕೈಗೆ ಬಂದರೆ, ನುರಿತ ರಿಪೇರಿಯವರು ಹಳೆಯದನ್ನು ಬಿಚ್ಚುವಷ್ಟು ಹೊತ್ತು ಬೇರೊಂದು ಸೆಲ್ಲಿನಿಂದ ಅದೇ ಚಿಪ್ಪಿಗೆ ವಿದ್ಯುತ್ ಹರಿಸಿ, ಒಳಗಿನ ನೆನಪು ಒಂದು ಕ್ಷಣವೂ ಕಡಿಯದಂತೆ ಹೊಸದನ್ನು ಬೆಸೆಯುತ್ತಾರೆ. ಕಾರ್ಖಾನೆಯ ಮೂಲ ಬೆಸುಗೆ ಒಡೆಯಿತು ಎಂದು ಸಂಗ್ರಹಕಾರ ಕೊರಗುತ್ತಾನೆ. ಮತ್ತೆ ಹೊಸದಾಗಿ ಆಡಬಹುದು ಎಂದು ಒಬ್ಬ ಹಿಗ್ಗುತ್ತಾನೆ. ಬಾಲ್ಯದಲ್ಲಿ ಆಡಿ ಉಳಿಸಿದ್ದು ಹಾಗೆಯೇ ಇದೆಯೇ ಎಂದಷ್ಟೇ ನೋಡುವವನು ನಿರಾಳವಾಗಿರುತ್ತಾನೆ. ಅಳಿದದ್ದು ನಿಜ, ಹುಟ್ಟಿದ್ದು ನಿಜ, ಉಳಿದದ್ದೂ ನಿಜ. ಅನಿತ್ಯವನ್ನು ಒಪ್ಪದವನು ರಿಪೇರಿ ಮಾಡಲಾರ, ಏಕೆಂದರೆ ಸವೆತವನ್ನು ಕಣ್ಣಿಟ್ಟು ನೋಡುವುದರಿಂದಲೇ ಅವನ ಕೆಲಸ ಶುರುವಾಗುತ್ತದೆ. ಸವೆದದ್ದನ್ನು ಕಣ್ಮರೆ ಮಾಡಿ ಸದಾ ಹೊಸದೇ ಕೈಯಲ್ಲಿರುವಂತೆ ನೋಡಿಕೊಳ್ಳುವ ಬಾಳು ಅನಿತ್ಯದಿಂದ ಮುಖ ತಿರುಗಿಸಿಕೊಂಡ ಬಾಳು.

ಇಲ್ಲಿಯವರೆಗಿನದು ಬಳಸುವವನ ಮನಸ್ಸಿನ ಮಾತು. ಮನಸ್ಸಿನ ಆಚೆಗೆ ಒಂದು ಭೂಮಿಯಿದೆ, ಅದನ್ನು ಅಗೆಯುವ ಕೈಗಳಿವೆ. ಈ ಸಾಧನಗಳ ಲಿಥಿಯಂ ಅಯಾನ್ ಬ್ಯಾಟರಿಗಳಿಗೆ ಸಾಮಾನ್ಯವಾಗಿ ಕೋಬಾಲ್ಟ್ ಬೇಕು. ಜಗತ್ತಿನ ಕೋಬಾಲ್ಟ್ ಗಣಿಗಾರಿಕೆಯಲ್ಲಿ ಅರ್ಧಕ್ಕೂ ಎಷ್ಟೋ ಹೆಚ್ಚು ನಡೆಯುವುದು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ. ಅಲ್ಲಿನ ಸಣ್ಣ ಗಣಿಗಳಲ್ಲಿ ಮಕ್ಕಳೂ ದುಡಿಯುವುದು ಮತ್ತೆ ಮತ್ತೆ ದಾಖಲಾಗಿದೆ. ಇನ್ನೊಂದು ತುದಿಯಲ್ಲಿ, ವಿಶ್ವಸಂಸ್ಥೆಯ ಇ-ತ್ಯಾಜ್ಯ ವರದಿಯ ಪ್ರಕಾರ 2022ರಲ್ಲಿ ಜಗತ್ತು ಹೊರಹಾಕಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಕ್ರಮವಾಗಿ ಸಂಗ್ರಹಿಸಿ ಮರುಬಳಕೆಗೆ ಕಳುಹಿಸಿದ ದಾಖಲೆ ಇರುವುದು ಅದರಲ್ಲಿ ನೂರಕ್ಕೆ 22.3 ಭಾಗಕ್ಕೆ ಮಾತ್ರ. ಒಬ್ಬ ಎಸೆಯುವ ಕಂಟ್ರೋಲರ್ ಈ ರಾಶಿಯಲ್ಲಿ ಲೆಕ್ಕಕ್ಕೇ ಬಾರದು ಎಂದು ಹೇಳಬಹುದು. ಆದರೆ ಜೈನ ಕರ್ಮವಿಚಾರ ಹೊಣೆಯನ್ನು ತೂಕದಿಂದ ಅಳೆಯುವುದಿಲ್ಲ. ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದವರನ್ನು ಅನುಮೋದಿಸಿದ್ದು, ಅಂದರೆ ಕೃತ, ಕಾರಿತ, ಅನುಮತ ಎಂದು ಅದು ಹಿಂಸೆಯ ಸರಪಳಿಯನ್ನು ಬಿಡಿಸಿ ಇಡುತ್ತದೆ. ಗುದ್ದಲಿ ಹಿಡಿಯದವನೂ ಅಗೆಸಿದವನಾಗಬಹುದು. ಅಂಗಡಿಯ ಕೌಂಟರಿನಲ್ಲಿ ನಿಂತವನಿಗೂ ಗಣಿಯಲ್ಲಿರುವವನಿಗೂ ನಡುವೆ ಹತ್ತು ಸಂಸ್ಥೆಗಳಿದ್ದರೆ ಹೊಣೆ ಹತ್ತು ಪಾಲಾಗಿ ಕರಗಿಹೋಗುವುದಿಲ್ಲ. ಪ್ರತಿಯೊಬ್ಬನ ಪಾಲಿಗೂ ಅವನವನ ಭಾವಕ್ಕೆ ತಕ್ಕ ಹೊಣೆ ಪೂರ್ತಿಯಾಗಿಯೇ ಬರುತ್ತದೆ.

ಭಾವ ಎಂದಾಗ ತಿಳಿವಿನ ಪ್ರಶ್ನೆ ಬಂತು. ಅರಿತು ಮಾಡಿದ್ದಕ್ಕೂ ಅರಿಯದೆ ಮಾಡಿದ್ದಕ್ಕೂ ಕರ್ಮದ ಬಂಧ ಒಂದೇ ಅಲ್ಲ ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಈ ಅಳತೆಯಲ್ಲಿ ಡ್ರಿಫ್ಟ್ ಪ್ರಕರಣವನ್ನು ತಾರೀಖಿನ ಸಮೇತ ನೋಡಬೇಕು. 2019ರ ಜುಲೈನಲ್ಲಿ ಅಮೆರಿಕದಲ್ಲಿ ಬಳಕೆದಾರರು ಒಟ್ಟಾಗಿ ನಿಂಟೆಂಡೊ ಮೇಲೆ ಮೊಕದ್ದಮೆ ಹೂಡಿದರು. 2020ರ ಜೂನ್‌ನಲ್ಲಿ ಕಂಪನಿಯ ಅಧ್ಯಕ್ಷ ಶುಂತಾರೊ ಫುರುಕಾವಾ ಷೇರುದಾರರ ಸಭೆಯಲ್ಲಿ ಗ್ರಾಹಕರಿಗಾದ ತೊಂದರೆಗೆ ಕ್ಷಮೆ ಕೇಳಿದರು. 2021ರ ಜನವರಿಯಲ್ಲಿ ಯುರೋಪಿನ ಗ್ರಾಹಕ ಸಂಘಟನೆಗಳ ಒಕ್ಕೂಟ ಬಿಇಯುಸಿ, ಸುಮಾರು 25,000 ದೂರುಗಳನ್ನು ಮುಂದಿಟ್ಟುಕೊಂಡು ಯುರೋಪಿಯನ್ ಆಯೋಗದ ಮೊರೆಹೋಯಿತು. ಆ ದೂರುಗಳಲ್ಲಿ ನೂರಕ್ಕೆ 88ರಲ್ಲಿ ಕಂಟ್ರೋಲರ್ ಎರಡು ವರ್ಷದೊಳಗೇ ಕೆಟ್ಟಿತ್ತು. ದೂರು ಕೊಟ್ಟವರು ಕೆಟ್ಟ ಕಂಟ್ರೋಲರ್ ಇದ್ದವರೇ ಆದ್ದರಿಂದ ಈ ಅಂಕಿ ಎಲ್ಲ ಜಾಯ್‌ಕಾನ್‌ಗಳ ಸ್ಥಿತಿ ಹೇಳುವುದಿಲ್ಲ, ನಿಜ. ಆದರೆ ಅರಿಯದೆ ಆಯಿತು ಎನ್ನುವ ಸಮಾಧಾನಕ್ಕೆ ಅದು ಅಲ್ಲಿಗೆ ಕೊನೆ ಹಾಡಿತು. 2023ರ ಏಪ್ರಿಲ್ ಹೊತ್ತಿಗೆ ಯುರೋಪಿಯನ್ ಆರ್ಥಿಕ ವಲಯ, ಬ್ರಿಟನ್ ಮತ್ತು ಸ್ವಿಟ್ಜರ್‌ಲೆಂಡ್‌ನಲ್ಲಿ ವಾರಂಟಿ ಮುಗಿದಿದ್ದರೂ, ಸವೆತವೇ ಕಾರಣವಾಗಿದ್ದರೂ ಈ ಸ್ಟಿಕ್‌ಗಳನ್ನು ಉಚಿತವಾಗಿ ರಿಪೇರಿ ಮಾಡುವುದಾಗಿ ನಿಂಟೆಂಡೊ ಒಪ್ಪಿಕೊಂಡಿತು. ಬೆಂಗಳೂರಿನಲ್ಲಿ ಅದೇ ಯಂತ್ರ ಕೊಂಡವರಿಗೆ ಹೋಗಿ ಕೇಳಲು ಕಂಪನಿಯ ಅಧಿಕೃತ ಸೇವಾ ಕೇಂದ್ರವೇ ಇಲ್ಲ. ಅವರ ವಾರಂಟಿ ಡಬ್ಬಿ ತೆರೆದ ದಿನವೇ ಮುಗಿದಂತೆ. ಇಂಗಾಲದ ಪಟ್ಟಿ ಎಲ್ಲ ದೇಶದಲ್ಲೂ ಒಂದೇ ರೀತಿ ಸವೆಯುತ್ತದೆ. ಹೊಣೆಯ ಎಲ್ಲೆ ಮಾತ್ರ ಯಾರು ಸಂಘಟಿತರಾಗಿ ಕೇಳಿದರು ಎಂಬುದರ ಮೇಲೆ ಅತ್ತಿತ್ತ ಸರಿಯಿತು. ಜೈನರ ಮಾತಿನಲ್ಲಿ, ವಾರಂಟಿಯ ಗೆರೆ ಲೋಕರೂಢಿಯ ನೋಟವಾದ ವ್ಯವಹಾರ ನಯದ್ದು, ಪರಮಾರ್ಥದ ನೋಟವಾದ ನಿಶ್ಚಯ ನಯದ್ದಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ವ್ಯವಹಾರಕ್ಕೆ ಅದು ಬೇಕು, ಉಪಯುಕ್ತ. ಕರ್ತವ್ಯ ಎಲ್ಲಿ ಕೊನೆಯಾಗುತ್ತದೆ ಎಂದು ಹೇಳುವ ಅಧಿಕಾರ ಅದಕ್ಕಿಲ್ಲ.

ಒಪ್ಪಂದದ ಪರವಾಗಿ ಮಾತಾಡುವವರು ಇಲ್ಲಿ ತಡೆಯುತ್ತಾರೆ, ಅವರ ಮಾತಿನಲ್ಲಿ ಹುರುಳಿದೆ. ಮಾಡಿದವನು ತಾನು ಮಾಡಿದ್ದಕ್ಕೆಲ್ಲ ಎಂದೆಂದಿಗೂ ಹೊಣೆಗಾರನಾದರೆ ಯಾರೂ ಏನನ್ನೂ ಮಾರಲಾರರು. ಎಷ್ಟು ಕಾಲ ಜವಾಬ್ದಾರಿ ಎಂಬುದು ಬೆಲೆಯಲ್ಲೇ ಸೇರಿದೆ, ಕೊಂಡವರು ತಿಳಿದೇ ಕೊಂಡಿದ್ದಾರೆ. ಒಪ್ಪುತ್ತೇನೆ. ಎಂದೆಂದಿಗೂ ಬಿಟ್ಟಿ ರಿಪೇರಿ ಮಾಡಿಕೊಡಿ ಎನ್ನುವುದು ನ್ಯಾಯವಲ್ಲ, ನನ್ನ ವಾದ ಅದೂ ಅಲ್ಲ. ಸೇವೆ ಕೊಡುವ ಕರ್ತವ್ಯಕ್ಕೆ ಅವಧಿ ಇರಬಹುದು. ಬೇರೆಯವರು ಮಾಡಿಕೊಳ್ಳುವುದಕ್ಕೆ ಅಡ್ಡಬಾರದಿರುವ ಕರ್ತವ್ಯಕ್ಕೆ ಅವಧಿ ಹೇಗೆ ಬಂದೀತು? ಜಾಯ್‌ಕಾನ್ ಹಿಂಬದಿಯಲ್ಲಿ ನಾಲ್ಕು ಸ್ಕ್ರೂಗಳಿವೆ. ಅವುಗಳ ತಲೆಯಲ್ಲಿ ಮೂರು ಕವಲಿನ ಸೀಳು. ಮನೆಯ ಸ್ಕ್ರೂಡ್ರೈವರ್ ಅದಕ್ಕೆ ಕೂರುವುದಿಲ್ಲ. ತೆರೆದರೆ ಬ್ಯಾಟರಿ ಅಂಟಿಸಿದೆ. ಅದರ ಕೆಳಗಿನ ತಟ್ಟೆ ಎತ್ತಿ, ಕಾಗದದಷ್ಟು ತೆಳುವಾದ ರಿಬ್ಬನ್ ಕೇಬಲಿನ ಪುಟ್ಟ ಚಿಲಕವನ್ನು ಉಗುರಿನಿಂದ ಮೆಲ್ಲಗೆ ಮೇಲೆತ್ತಿ, ಎರಡು ಸಣ್ಣ ಸ್ಕ್ರೂ ಬಿಚ್ಚಿದರೆ ಕೆಟ್ಟ ಸ್ಟಿಕ್ ಕೈಗೆ ಬರುತ್ತದೆ. ಬೆಸುಗೆಯೂ ಬೇಡ. ಕೆಲಸ ಇಷ್ಟೇ ಆದರೂ ಅದಕ್ಕೆ ಬೇಕಾದ ಅಸಲಿ ಸ್ಟಿಕ್ಕನ್ನು ಕಂಪನಿ ಸಾಮಾನ್ಯ ಬಳಕೆದಾರರಿಗೆ ಮಾರುವುದಿಲ್ಲ. 2018ರ ಏಪ್ರಿಲ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಬೇರೆಯವರ ಬಿಡಿಭಾಗ ಬಳಸಿದರೆ ಅಥವಾ ಸೀಲು ಕಿತ್ತರೆ ವಾರಂಟಿ ರದ್ದು ಎನ್ನುವಂಥ ಷರತ್ತುಗಳು ಕಾನೂನಿಗೆ ವಿರುದ್ಧ ಎಂದು ನಿಂಟೆಂಡೊ, ಸೋನಿ, ಮೈಕ್ರೋಸಾಫ್ಟ್ ಸೇರಿ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳುಹಿಸಬೇಕಾಯಿತು. ತಾನು ಮಾಡಿಕೊಡುವುದಿಲ್ಲ, ಇನ್ನೊಬ್ಬ ಮಾಡುವುದಕ್ಕೂ ಬಿಡುವುದಿಲ್ಲ ಎಂದಾಗ ಒಪ್ಪಂದದ ಅವಧಿ ಮುಗಿದದ್ದು ನೆಪವಾಗುತ್ತದೆ. ಹೊಸದನ್ನು ಕೊಳ್ಳದೆ ದಾರಿಯಿಲ್ಲದಂತೆ ಮಾಡುವವನು, ಆ ಹೊಸದಕ್ಕಾಗಿ ನಡೆಯುವ ಅಗೆತದಲ್ಲಿ ಕಾರಿತದ ಪಾಲುಗಾರ.

ಸುರಕ್ಷತೆಯ ಮಾತು ಇದಕ್ಕೆ ಬರುವ ಮರುಮಾತು: ಚುಚ್ಚಿದರೆ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳುತ್ತದೆ, ತೆರೆದ ಯಂತ್ರ ಕಳ್ಳಪ್ರತಿಗಳಿಗೆ ದಾರಿ ಮಾಡುತ್ತದೆ. ಅಪಾಯ ಇರುವುದು ನಿಜವಾದರೆ ಅದನ್ನು ತಪ್ಪಿಸುವ ದಾರಿ ಅಂಟನ್ನು ಕಡಿಮೆ ಮಾಡುವುದು, ಸರಿಯಾದ ಭಾಗ ಮತ್ತು ಸೂಚನೆ ಒದಗಿಸುವುದು. ವಾಲ್ವ್ ಕಂಪನಿ 2022ರಲ್ಲಿ ತಂದ ಸ್ಟೀಮ್ ಡೆಕ್ ಕೂಡ ಕೈಯಲ್ಲಿ ಹಿಡಿದು ಆಡುವ ಯಂತ್ರವೇ. ಬಿಚ್ಚುವುದು ಅಪಾಯ, ನಾವು ಶಿಫಾರಸು ಮಾಡುವುದಿಲ್ಲ, ಆದರೆ ಇದು ನಿಮ್ಮ ಸ್ವತ್ತು, ಬಿಚ್ಚುವ ಹಕ್ಕು ನಿಮಗಿದೆ ಎಂದು ಅವರು ವೀಡಿಯೊದಲ್ಲೇ ಹೇಳಿ, ಒಳಗನ್ನು ತೋರಿಸಿ, ರಿಪೇರಿಗೆ ಬಿಡಿಭಾಗ, ಕೈಪಿಡಿ ಒದಗಿಸುವ ಐಫಿಕ್ಸಿಟ್ ಸಂಸ್ಥೆಯ ಮೂಲಕ ಅಸಲಿ ಬಿಡಿಭಾಗಗಳ ಮಾರಾಟಕ್ಕೂ ವ್ಯವಸ್ಥೆ ಮಾಡಿದರು. ಅದರಿಂದ ಅವರ ವ್ಯಾಪಾರ ಮುಳುಗಲಿಲ್ಲ. ಕಳ್ಳಪ್ರತಿಯ ಭಯವಂತೂ ಸವೆದ ಸ್ಟಿಕ್ಕಿಗೂ ಸತ್ತ ಬ್ಯಾಟರಿಗೂ ಸಂಬಂಧವೇ ಇಲ್ಲದ್ದು. ಹೀಗಿದ್ದರೂ 2024ರ ಜುಲೈನಲ್ಲಿ ಜಾರಿಗೆ ಬಂದ ಕ್ಯಾಲಿಫೋರ್ನಿಯಾದ ರಿಪೇರಿ ಹಕ್ಕಿನ ಕಾನೂನು, 100 ಡಾಲರಿಗೂ ಮೇಲ್ಪಟ್ಟ ವಿದ್ಯುನ್ಮಾನ ಸಾಧನಗಳಿಗೆ ಏಳು ವರ್ಷ ಬಿಡಿಭಾಗ ಒದಗಿಸಬೇಕೆಂದು ಹೇಳುತ್ತಲೇ ಗೇಮ್ ಕನ್ಸೋಲ್‌ಗಳನ್ನು ಹೊರಗಿಟ್ಟಿತು. ಮಿನ್ನೆಸೋಟಾದ ಕಾನೂನೂ ಹಾಗೆಯೇ ಮಾಡಿತು. ಫೋನಿಗೆ ಅನ್ವಯವಾಗುವ ನ್ಯಾಯ ಪಕ್ಕದಲ್ಲಿರುವ ಆಟದ ಯಂತ್ರಕ್ಕೆ ಅನ್ವಯವಾಗದು ಎನ್ನುವುದಕ್ಕೆ ವಸ್ತುವಿನ ಸ್ವಭಾವದಲ್ಲಿ ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಆಟದ ಯಂತ್ರ ಎಂಬುದೇ ಕೆಲವರಿಗೆ ಸಾಕಾದ ಕಾರಣ. ಇದು ಕಟ್ಟುನಿಟ್ಟಿನ ಶ್ರಾವಕನಿಂದ ಬರಬಹುದಾದ ಆಕ್ಷೇಪ, ಎಲ್ಲಕ್ಕಿಂತ ಗಂಭೀರವಾದದ್ದು. ಹೊಲಿಗೆ ಯಂತ್ರವನ್ನೋ ಪಂಪ್‌ಸೆಟ್ಟನ್ನೋ ರಿಪೇರಿ ಮಾಡಿ, ಬಾಳಿಗೆ ಬೇಕು. ಕಾಲಹರಣದ ಸಾಧನವನ್ನು ಉಳಿಸುವುದು ಪ್ರಮಾದವನ್ನೇ, ಅಂದರೆ ಎಚ್ಚರಗೇಡಿತನವನ್ನೇ, ಉಳಿಸಿದಂತೆ ಎಂದು ಆತ ಹೇಳಬಹುದು. ಆಟ ವ್ಯರ್ಥವೇ ಎಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿದೆ. ಮಗುವೊಂದು ಅಣ್ಣನ ಜೊತೆ ಕೂತು ಆಡುವ ಗಂಟೆಯನ್ನು ವ್ಯರ್ಥ ಎಂದು ಬರೆದಿಡಲು ನನಗೆ ಮನಸ್ಸಿಲ್ಲ. ಆದರೆ ವ್ಯರ್ಥವೆಂದೇ ಒಪ್ಪಿಕೊಂಡರೂ ಆಕ್ಷೇಪ ನಿಲ್ಲುವುದಿಲ್ಲ. ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವ ಅನರ್ಥದಂಡ ವಿರತಿಯನ್ನು ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ವಿವರಿಸುತ್ತದೆ. ಅಲ್ಲಿ ಪ್ರಮಾದಚರ್ಯೆಗೆ ಕೊಡುವ ನಿದರ್ಶನಗಳು ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು. ಈಗಾಗಲೇ ಅಗೆದು, ಕರಗಿಸಿ, ಜೋಡಿಸಿ ಆಗಿರುವ ಯಂತ್ರವನ್ನು ಎಸೆದರೆ ಆ ಅಗೆತ ಹಿಂದಕ್ಕೆ ಹೋಗುವುದಿಲ್ಲ. ಅದರ ಜಾಗಕ್ಕೆ ಇನ್ನೊಂದನ್ನು ತರಿಸಿದಾಗ ಮಾತ್ರ ಕಾರಣವಿಲ್ಲದೆ ನೆಲ ಅಗೆಸಿದಂತಾಗುತ್ತದೆ. ವಸ್ತು ಎಷ್ಟು ಕ್ಷುಲ್ಲಕವೋ ಅದಕ್ಕಾಗಿ ಎರಡನೇ ಸಲ ಅಗೆಯುವುದು ಅಷ್ಟೇ ಅಕ್ಷಮ್ಯ. ಆಡುವುದನ್ನೇ ಬಿಟ್ಟು ಯಂತ್ರವನ್ನು ಬೇರೊಬ್ಬರಿಗೆ ಕೊಟ್ಟವನ ಮುಂದೆ ನನ್ನ ವಾದಕ್ಕೆ ಹೇಳುವುದೇನೂ ಇಲ್ಲ. ಅವನಿಗೆ ತಲೆಬಾಗುತ್ತೇನೆ. ಆದರೆ ಆ ಯಂತ್ರ ಇನ್ನೊಬ್ಬರ ಕೈಯಲ್ಲಿ ನಡೆಯಬೇಕಾದರೂ ರಿಪೇರಿ ಬೇಕೇ ಬೇಕು.

ದುಡ್ಡಿನ ಮಾತನ್ನು ಹೆಚ್ಚು ಬೆಳೆಸಬೇಕಿಲ್ಲ. ಅಮೆರಿಕದಲ್ಲಿ ಒಂದು ಜೊತೆ ಜಾಯ್‌ಕಾನ್ ಬೆಲೆ ಬಹುಕಾಲ 80 ಡಾಲರ್ ಇತ್ತು; ಬೆಂಗಳೂರಿನ ವಿದ್ಯುನ್ಮಾನ ಬಿಡಿಭಾಗಗಳ ಪೇಟೆ ಎಸ್‌.ಪಿ. ರೋಡಿನಂಥ ಕಡೆ ಬೇರೆಯವರು ಮಾಡಿದ ಸ್ಟಿಕ್ಕು, ಕೈಗೆಲಸ ಎರಡೂ ಸೇರಿದರೂ ಹೊಸದರ ಬೆಲೆಗೆ ಬಹು ದೂರ. ರಿಪೇರಿ ದುಬಾರಿ ಎನಿಸುವ ಕಡೆ ಅದು ಬಹುಪಾಲು ಭಾಗ ಸಿಗದ ಕಾರಣಕ್ಕೆ, ಇಲ್ಲವೇ ಯಂತ್ರವನ್ನು ಬಿಚ್ಚಲು ಕಷ್ಟವಾಗುವಂತೆ ಕಟ್ಟಿದ ಕಾರಣಕ್ಕೆ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ಕ್ಕೆ, ಬಿಚ್ಚಿ ನೋಡಿದ ಐಫಿಕ್ಸಿಟ್ ರಿಪೇರಿಯ ಅನುಕೂಲದಲ್ಲಿ ಕೊಟ್ಟ ಅಂಕ ಹತ್ತಕ್ಕೆ ಮೂರು. ಬ್ಯಾಟರಿ ಗಟ್ಟಿಯಾಗಿ ಅಂಟಿಸಲಾಗಿದೆ. ಸ್ಟಿಕ್‌ಗಳನ್ನು ಹೊಸದಾಗಿ ರೂಪಿಸಿದ್ದೇವೆ ಎಂದು ಕಂಪನಿ ಹೇಳಿದರೂ ಅವು ಕಾಂತದಿಂದ ಅಳೆಯುವ, ಉಜ್ಜಾಟವಿಲ್ಲದ ಜಾತಿಯವಲ್ಲ. ಅವೂ ಹಾಗೆಯೇ ಕೆಡುತ್ತವೆ ಎಂದು ಇದರಿಂದ ಸಾಬೀತಾಗುವುದಿಲ್ಲ. ಕೆಟ್ಟರೆ ಈ ಸಲ ಅರಿಯದೆ ಆಯಿತು ಎನ್ನಲು ಬರುವುದಿಲ್ಲ ಎಂಬುದಷ್ಟೇ ಸಾಬೀತಾಗುತ್ತದೆ. ಯುರೋಪಿನಲ್ಲಿ 2027ರ ಫೆಬ್ರುವರಿಯಿಂದ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಹಾಕುವಂತಿರಬೇಕು ಎಂಬ ನಿಯಮ ಬರುತ್ತಿದೆ. ಅಂಟು ಅನಿವಾರ್ಯ ಎಂಬ ವಾದ ಅಲ್ಲಿಗೆ ಎಷ್ಟು ದಿನ ನಿಲ್ಲುತ್ತದೆ ನೋಡಬೇಕು.

ನಿಂಟೆಂಡೊ ಹುಟ್ಟಿದ ಊರು ಕ್ಯೋಟೋ. ಅದೇ ಊರಿನ ಹೋರಿನ್‌ಜಿ ದೇವಾಲಯದಲ್ಲಿ ಮುರಿದ ಹೊಲಿಗೆ ಸೂಜಿಗಳಿಗೆ ಕೃತಜ್ಞತೆಯ ಪೂಜೆ ನಡೆಯುತ್ತದೆ. ದುಡಿದು ಸೋತ ಸೂಜಿಗೆ ಇನ್ನಾದರೂ ಸುಖವಿರಲಿ ಎಂದು ಮೆತ್ತನೆಯ ಮುದ್ದೆಗೆ ಚುಚ್ಚಿ ನಮಿಸುತ್ತಾರೆ. ಆ ಆವರಣದಲ್ಲೇ ವಿದ್ಯುತ್ ಶಕ್ತಿಯ ದೇವತೆಗೊಂದು ಗುಡಿಯೂ ಇದೆ. ನಮ್ಮ ಆಯುಧಪೂಜೆಯ ಹಿಂದಿರುವುದೂ ಹತ್ತಿರದ ಭಾವವೇ. ಆದರೆ ಪೂಜೆಗೆ ಅರ್ಹವಾಗಿ ಬಂದ ಸೂಜಿ ಮುರಿಯುವ ತನಕ ಹೊಲಿದ ಸೂಜಿ. ಹಾಗೆ ನಿಜಕ್ಕೂ ಮುಗಿದ ಯಂತ್ರಗಳೂ ಇವೆ, ಅವನ್ನು ಒಪ್ಪಿಕೊಳ್ಳಬೇಕು. 2011ರಲ್ಲಿ ಬಂದ ನಿಂಟೆಂಡೊ 3ಡಿಎಸ್‌ನ ಮೊದಲ ಮಾದರಿಯ ರಿಪೇರಿಯನ್ನು ಕಂಪನಿ ಜಪಾನಿನಲ್ಲಿ 2021ರ ಮಾರ್ಚ್‌ನಲ್ಲಿ ನಿಲ್ಲಿಸಿತು, ಬಿಡಿಭಾಗ ಒದಗಿಸುವುದು ಕಷ್ಟ ಎಂಬ ಕಾರಣ ಕೊಟ್ಟು. ಹತ್ತು ವರ್ಷದ ಸೇವೆ ಕಡಿಮೆಯೇನಲ್ಲ, ಕಾರಣವೂ ನಂಬುವಂಥದ್ದೇ. 2023ರಲ್ಲಿ ಅದರ ಆನ್‌ಲೈನ್ ಅಂಗಡಿ ಮುಚ್ಚಿತು, 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಆಟವೂ ನಿಂತಿತು. ಆ ಯಂತ್ರವನ್ನು ಕಂಪನಿ ಇನ್ನು ಮಾರುವುದಿಲ್ಲ, ಅದರ ಮೊದಲ ಮಾದರಿಯನ್ನು ರಿಪೇರಿಯೂ ಮಾಡುವುದಿಲ್ಲ. ಹಾಗಿದ್ದ ಮೇಲೆ ಅದರ ಸರ್ಕ್ಯೂಟ್ ನಕ್ಷೆಯನ್ನೂ ರಿಪೇರಿ ಕೈಪಿಡಿಯನ್ನೂ ಗುಟ್ಟಾಗಿ ಇಟ್ಟುಕೊಳ್ಳಲು ಇದ್ದ ವ್ಯಾಪಾರದ ಕಾರಣ ಏನು ಉಳಿಯಿತು? ಆಟಗಳ ಹಕ್ಕು ಕಂಪನಿಯ ಬಳಿಯೇ ಇರಲಿ, ಅದನ್ನು ಯಾರೂ ಕೇಳುತ್ತಿಲ್ಲ. ಚಿಪ್ಪಿನ ಯಾವ ಕಾಲಿಗೆ ಎಷ್ಟು ವೋಲ್ಟ್, ಯಾವ ಕೇಬಲ್ ಎಲ್ಲಿಗೆ, ಯಾವ ಭಾಗಕ್ಕೆ ಯಾವುದು ಬದಲಿ ಎಂಬ ತಿಳಿವಳಿಕೆಯನ್ನು ಬಿಟ್ಟುಕೊಟ್ಟರೆ ಕಂಪನಿಗೆ ನಷ್ಟವಾಗುವುದು ಏನೂ ಇಲ್ಲ. ಇಂದು ಮೀಟರ್ ಹಿಡಿದು ಊಹಿಸುತ್ತ ಕೂರುವ ರಿಪೇರಿಯವನಿಗೆ, ಅವನು ಎಸ್‌.ಪಿ. ರೋಡಿನಲ್ಲಿರಲಿ, ಒಸಾಕಾದಲ್ಲಿರಲಿ, ಕೆಲಸ ಮುಂದುವರಿಸಲು ಅಷ್ಟು ಸಾಕು.